ಸೊನ್ನೆಗಿಂತ ಕೆಳಗಿನ ಹುಡುಗಿ

"ಸಾಬಿಕುನ್ ನಾಹರ್ ಯಾರು? ಎದ್ದು ನಿಂತ್ಕೊ."

ಕೊನೆಯ ಬೆಂಚಿನಲ್ಲಿ ಕಿತ್ತಳೆ ದುಪಟ್ಟಾದ ಹುಡುಗಿಯೊಬ್ಬಳು ಎದ್ದಳು. ಕಾಗದದ ಮೇಲೆ ಸಾಬಿಕುನ್ ನಾಹರ್, ಮನೆಯಲ್ಲಿ ಜೊನಾಕಿ. ಭೋಲಾ ದ್ವೀಪದಿಂದ ಹಡಗು ಹತ್ತಿ ಢಾಕಾಕ್ಕೆ ಬಂದು ಇನ್ನೂ ವಾರವಾಗಿರಲಿಲ್ಲ.

ಹಲಗೆಯ ಮುಂದೆ ನಿಂತಿದ್ದವನು ಇಶ್ತಿಯಾಕ್. ಬೆಳಿಗ್ಗೆ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೂರನೇ ವರ್ಷದ ವಿದ್ಯಾರ್ಥಿ. ಸಂಜೆ ಫಾರ್ಮ್‌ಗೇಟಿನ ಈ 'ನೋಂಗರ್ ಕೋಚಿಂಗ್'ನಲ್ಲಿ ಪ್ರವೇಶ ಪರೀಕ್ಷೆಯವರಿಗೆ ಇಂಗ್ಲಿಷ್ ಗ್ರಾಮರ್ ಉಪದೇಶಿಸುವ ಮಹಾಪಂಡಿತ. ಅವಳ ಮೊದಲ ಟೆಸ್ಟಿನ ಉತ್ತರ ಪತ್ರಿಕೆಯನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದಿದ್ದ.

"ತಪ್ಪು ಉತ್ತರಕ್ಕೆ ಅಂಕ ಕಳೀತಾರೆ ಅನ್ನೋದು ಗೊತ್ತು ತಾನೆ?"

"ಗೊತ್ತು."

"ಹೆಸರು ಬರೆದು ಖಾಲಿ ಪೇಪರ್ ಕೊಟ್ಟಿದ್ರೂ ಸೊನ್ನೆ ಬರ್ತಿತ್ತು. ನೀನು ಒದ್ದಾಡಿ ಒದ್ದಾಡಿ ಸೊನ್ನೆಗಿಂತ ಕೆಳಗೆ ಹೋಗಿದ್ದೀಯ. ಇದಕ್ಕೂ ಒಂದು ಪ್ರತಿಭೆ ಬೇಕು."

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅದರಲ್ಲಿ ಅರ್ಧ ಜನರ ಅಂಕ ಎರಡೋ ಮೂರೋ ಇತ್ತು, ಆದರೂ ನಗುವುದಕ್ಕೆ ಅಷ್ಟು ಸಾಕು.

ಜೊನಾಕಿಯ ಕಿವಿ ಕೆಂಪಾಯಿತು. ಇವನ ಮುಂದೆ ಅಳುವುದಾ... ಸತ್ತರೂ ಇಲ್ಲ.

"ಸೊನ್ನೆಗಿಂತ ಕೆಳಗಿರೋರು ಫೀಸ್ ಕಟ್ಟದಿದ್ರೆ ನಿಮ್ಮ ಅಂಗಡಿ ಬಾಗಿಲು ಹಾಕ್ಬೇಕಾಗುತ್ತೆ. ಗಿರಾಕಿಗಳ ಹತ್ತಿರ ಸ್ವಲ್ಪ ಮರ್ಯಾದೆಯಿಂದ ಮಾತಾಡಿ."

ನಗು ನಿಂತುಹೋಯಿತು. ಇಶ್ತಿಯಾಕ್ ಒಂದು ಕ್ಷಣ ಅವಳನ್ನೇ ನೋಡಿ, ಪತ್ರಿಕೆಯನ್ನು ಮಡಚಿ ಮೇಜಿನ ಮೇಲಿಟ್ಟ.

"ಕೂತ್ಕೊ. ಬಾಯಿಗಿರೋ ವೇಗ ಪೆನ್ನಿಗೆ ಬರ್ಲಿ."

ಎಂಥಾ ದುರಹಂಕಾರಿ... ಕೂರುವಾಗ ಅವಳು ಅಂದುಕೊಂಡಳು. ಎಂಥಾ ಹುಡುಗಿ... ಹಲಗೆಯ ಕಡೆ ತಿರುಗುವಾಗ ಅವನೂ ಅಂದುಕೊಂಡ.

ಫಾರ್ಮ್‌ಗೇಟಿನಲ್ಲಿ ಕಲಿಸುವವರನ್ನು ಸರ್ ಅನ್ನುವಂತಿಲ್ಲ. 'ಭಾಯಿಯಾ', ಅಂದರೆ ಅಣ್ಣ, ಅನ್ನಬೇಕು. ಅಣ್ಣ ಅಂದುಬಿಟ್ಟರೆ ಫೀಸಿನ ಬಗ್ಗೆ ಜಗಳ ಮಾಡಲು ಬಾಯಿ ಬರುವುದಿಲ್ಲ ಎಂದು ಯಾವನೋ ಬುದ್ಧಿವಂತ ಕಂಡುಹಿಡಿದಿರಬೇಕು. ನೋಂಗರ್‌ನ ಮಾಲೀಕರಿಗೆ ಮಗಳ ಮದುವೆಯಾಗಿ ಮೊಮ್ಮಗುವೂ ಆಗಿದೆ, ಕೂದಲಿಗೆ ಹಚ್ಚಿದ ಬಣ್ಣ ಕತ್ತಿನವರೆಗೂ ಇಳಿದಿದೆ, ಆದರೂ ಅವರು 'ಡೈರೆಕ್ಟರ್ ಭಾಯಿಯಾ'.

ಜೊನಾಕಿ ಮಾತ್ರ ಇಶ್ತಿಯಾಕ್‌ನನ್ನು ಒಂದು ಸಲವೂ ಭಾಯಿಯಾ ಅನ್ನಲಿಲ್ಲ. "ಕೇಳಿ" ಅನ್ನುತ್ತಿದ್ದಳು. "ಇಲ್ಲಿ ನೋಡಿ" ಅನ್ನುತ್ತಿದ್ದಳು. ಕೊಬ್ಬು ಎಂದು ಪಕ್ಕದ ಹುಡುಗಿಯರು ಆಡಿಕೊಂಡರು.

ಮರುದಿನ ಕಾಲುಸೇತುವೆಯ ಕೆಳಗಿನ ಚಹಾ ಅಂಗಡಿಯ ಹತ್ತಿರ ಅವನೇ ಅವಳನ್ನು ನಿಲ್ಲಿಸಿದ.

"ನಾಳೆಯಿಂದ ಕ್ಲಾಸಿಗೆ ಒಂದು ಗಂಟೆ ಮುಂಚೆ ಇಲ್ಲಿಗೆ ಬಾ. ಗ್ರಾಮರ್ ಹೇಳ್ಕೊಡ್ತೀನಿ."

"ಯಾಕೆ? ಬೈಗುಳ ಬಾಕಿ ಉಳೀತಾ?"

"ನಿನ್ನ ಪೇಪರ್ ಇನ್ನೊಂದ್ಸಲ ನೋಡಿದೆ. ಗೊತ್ತಿರೋದನ್ನೆಲ್ಲ ಸರಿಯಾಗೇ ಬರೆದಿದ್ದೀಯ. ಗೊತ್ತಿಲ್ಲದ್ದನ್ನ ಬಿಡೋಕೆ ಬರಲ್ಲ, ಅದೇ ನಿನ್ನ ರೋಗ."

ಅವಳಿಗೆ ಬೇಡ ಅನ್ನಬೇಕೆನಿಸಿತು. ಆದರೆ ಹಡಗುಕಟ್ಟೆಯಲ್ಲಿ ಅಬ್ಬಾ ಹೇಳಿದ್ದು ನೆನಪಾಯಿತು. "ಒಂದೇ ಸಲ, ಜೊನಾಕಿ. ಸೀಟು ಸಿಕ್ಕರೆ ಸರಿ, ಇಲ್ಲದಿದ್ರೆ ಊರಿನ ಕಾಲೇಜು, ಆಮೇಲೆ ನಿನ್ನ ಚಿಕ್ಕಪ್ಪ ತೋರಿಸಿದ ಹುಡುಗ." ಢಾಕಾ ವಿಶ್ವವಿದ್ಯಾಲಯವೂ ಎರಡನೇ ಸಲ ಪರೀಕ್ಷೆಗೆ ಕೂರಲು ಬಿಡುವುದಿಲ್ಲ.

ಅವಳು ಹೋದಳು.

ಹಾಲಿಲ್ಲದ ಕೆಂಪು ಚಹಾ, ತಣ್ಣಗಾದ ಸಿಂಗಾರಾ ಸಮೋಸ, ಮೇಲೆ ಸೇತುವೆಯ ತುಂಬ ನಡೆಯುವ ಕಾಲುಗಳ ಸದ್ದು. ಅವನು ಕಲಿಸುತ್ತಿದ್ದ, ಬೈಯುತ್ತಿದ್ದ, ಮತ್ತೆ ಕಲಿಸುತ್ತಿದ್ದ.

"ಇದು ಗೊತ್ತಾ?"

"ಅನ್ಸುತ್ತೆ..."

"ಅನ್ಸೋದಕ್ಕೆ ಅಂಕ ಕೊಡಲ್ಲ. ಖಾಲಿ ಬಿಡು. ಯಾವುದನ್ನ ಖಾಲಿ ಬಿಡ್ಬೇಕು ಅಂತ ಗೊತ್ತಿರೋಳೇ ಪಾಸಾಗೋದು."

ಒಂದು ದಿನ ಸಮಾನಾರ್ಥಕ ಪದಗಳ ಸರದಿ. ಕಂಟೆಂಪ್ಟ್, ಸ್ಕಾರ್ನ್, ಡಿಸ್ಡೇನ್... ಎಲ್ಲದಕ್ಕೂ ಒಂದೇ ಅರ್ಥ, ತಿರಸ್ಕಾರ.

"ಒಂದು ತಿರಸ್ಕಾರಕ್ಕೆ ಇಷ್ಟೊಂದು ಪದ ಯಾಕೆ ಇಟ್ಕೊಂಡಿದ್ದಾರೆ ಈ ಇಂಗ್ಲಿಷ್‌ನೋರು?"

"ಇನ್ನೂರು ವರ್ಷ ನಮ್ಮ ಜೊತೆ ಇದ್ರಲ್ಲ, ಒಂದು ಸಾಲ್ತಿರ್ಲಿಲ್ಲ."

ಅವಳು ಚಹಾ ಉಗುಳುವಷ್ಟು ನಕ್ಕಳು. ಅವನೂ ನಕ್ಕ. ನಕ್ಕಾಗ ಅವನ ಮುಖದಿಂದ ಆ ಪಂಡಿತನ ಬಿಗಿ ಹೋಗಿ ಯಾರೋ ಬೇರೆಯವನು ಕಾಣಿಸಿದ. ಅಂದು ಹಾಸ್ಟೆಲ್ಲಿಗೆ ಹೋದ ಮೇಲೂ ಆ ಬೇರೆಯವನೇ ಅವಳ ಕಣ್ಣ ಮುಂದೆ ಇದ್ದ.

ಇದು ಬೇಡ, ಜೊನಾಕಿ. ಬಂದಿದ್ದು ಸೀಟಿಗೆ... ತನಗೆ ತಾನೇ ಹೇಳಿಕೊಂಡಳು. ಮನಸ್ಸು ಅಷ್ಟು ವಿಧೇಯ ವಿದ್ಯಾರ್ಥಿಯಲ್ಲ.

ಅವರು ಕೂರುತ್ತಿದ್ದ ಜಾಗದಿಂದ ತಲೆಯೆತ್ತಿದರೆ ಸೇತುವೆಯ ಕಂಬಿಗೆ ಕಟ್ಟಿದ ಬ್ಯಾನರ್‌ಗಳು ಕಾಣುತ್ತಿದ್ದವು. ಫಲಿತಾಂಶ ಬಂದ ಮರುದಿನವೇ ಫಾರ್ಮ್‌ಗೇಟಿನ ಕೋಚಿಂಗ್‌ಗಳೆಲ್ಲ ರ್‍ಯಾಂಕ್ ಬಂದವರ ಮುಖ ಹಿಡಿಯಲು ಓಡುತ್ತವೆ. ಒಂದೇ ಹುಡುಗ ಮೂರು ಕೋಚಿಂಗ್‌ಗಳ ಬ್ಯಾನರ್‌ನಲ್ಲಿ ಮೂರು ಸಲ ನಗುತ್ತಾನೆ, ಮೂರರಲ್ಲೂ ತನ್ನ ಯಶಸ್ಸಿಗೆ ಇದೊಂದೇ ಕಾರಣ ಅನ್ನುತ್ತಾನೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂದ ಹಾಗೆ, ಯಾರದೋ ಓದು, ಇವರ ಮೆರವಣಿಗೆ.

"ಥೂ," ಅಂದಳು ಜೊನಾಕಿ. "ಹಲ್ಲುಪುಡಿ ಮಾರಿದ ಹಾಗೆ ಮಕ್ಕಳ ಮುಖ ಮಾರ್ತಾರೆ. ನನ್ನ ಮುಖ ಅಲ್ಲಿ ಬಂದ್ರೆ ನಾನೇ ಕತ್ತರಿ ತಂದು ಕತ್ತರಿಸಿ ಹಾಕ್ತೀನಿ."

"ಸೊನ್ನೆಗಿಂತ ಕೆಳಗಿರೋರ ಮುಖ ಯಾರೂ ಹಾಕಲ್ಲ. ಓದ್ಕೊ."

ಪರೀಕ್ಷೆಯಲ್ಲಿ ಅವಳು ಗೊತ್ತಿದ್ದದ್ದನ್ನು ಬರೆದಳು, ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟಳು. ಫಲಿತಾಂಶದ ದಿನ ಮೊಬೈಲ್ ನೋಡಿ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತಳು. ಸೀಟು ಸಿಕ್ಕಿತ್ತು. ಬರೀ ಸೀಟಲ್ಲ, ಮೆರಿಟ್ ಪಟ್ಟಿಯ ಮೊದಲ ಪುಟದಲ್ಲೇ ಹೆಸರಿತ್ತು. ಅಬ್ಬಾನಿಗೆ ಫೋನ್ ಮಾಡಿದಳು. ಆಚೆಯಿಂದ ಮೂಗು ಸೀಟುವ ಸದ್ದು ಮಾತ್ರ ಕೇಳಿಸಿತು.

ಮರುದಿನ ಒಂದು ಡಬ್ಬಿ ಮಿಠಾಯಿ ಕೊಂಡು ಫಾರ್ಮ್‌ಗೇಟಿಗೆ ಹೊರಟಳು. ಮೊದಲ ತುಂಡು ಅವನ ಬಾಯಿಗೇ. ಆಮೇಲೆ... ಆಮೇಲೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದಳು.

ಸೇತುವೆ ಹತ್ತಿದವಳು ಅಲ್ಲೇ ನಿಂತಳು.

ಅವಳದೇ ಮುಖ. ಆಳೆತ್ತರದ ಬ್ಯಾನರ್‌ನ ನಡುವೆ, ಅಡ್ಮಿಷನ್ ಫಾರಂಗೆ ತೆಗೆಸಿದ್ದ ಫೋಟೋ, ಅದೇ ಕಿತ್ತಳೆ ದುಪಟ್ಟಾ. ತಲೆಯ ಮೇಲೆ ದೊಡ್ಡ ಅಕ್ಷರಗಳು: 'ನಮ್ಮ ಇಶ್ತಿಯಾಕ್ ಭಾಯಿಯಾನ ಸ್ಪೆಷಲ್ ಕೇರ್‌ನಲ್ಲಿ ಅರಳಿದ ರತ್ನ'. ಕೆಳಗೆ ಇನ್ನೂ ಏನೇನೋ ಇತ್ತು, ಓದುವಷ್ಟು ತಾಳ್ಮೆ ಅವಳಿಗಿರಲಿಲ್ಲ.

ನೇರ ಡೈರೆಕ್ಟರ್ ಕೋಣೆಗೆ ನುಗ್ಗಿದಳು. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಯಾರನ್ನ ಕೇಳಿ ನನ್ನ ಫೋಟೋ ಹಾಕಿದ್ರಿ?"

"ಅಯ್ಯೋ, ಮಿಠಾಯಿ ಬೇರೆ ತಂದಿದ್ದೀಯಾ ತಂಗೀ," ಎಂದು ಅವರು ಮುಚ್ಚಳ ತೆಗೆದರು. "ಕೂತ್ಕೊ. ಹಾಕಿದ್ರೆ ನಿನಗೇ ಹೆಸರು ತಾನೆ?"

"ಸ್ಪೆಷಲ್ ಕೇರ್ ಅಂದ್ರೆ ಏನು?"

"ಅದು ನಮ್ಮ ಪದ್ಧತಿ. ಗೆಲ್ಲೋ ಕುದುರೆಗಳನ್ನ ಆರಿಸಿ ಒಬ್ಬೊಬ್ಬ ಭಾಯಿಯಾಗೆ ವಹಿಸ್ತೀವಿ. ಬೇರೆಯಾಗಿ ಕೂರಿಸ್ಕೊಂಡು, ಚಹಾ ಕುಡಿಸಿ, ಪ್ರೀತಿಯಿಂದ ಹೇಳ್ಕೊಡ್ತಾರೆ. ರ್‍ಯಾಂಕ್ ಬಂದ್ರೆ ಅವರಿಗೂ ಬೋನಸ್ಸು, ನಮಗೂ ಬ್ಯಾನರ್ರು." ಬಾಯಲ್ಲಿ ಆಗಲೇ ಎರಡನೇ ತುಂಡು ಇತ್ತು. "ಇಶ್ತಿಯಾಕ್ ಇದರಲ್ಲಿ ಎತ್ತಿದ ಕೈ."

ಚಹಾ ಕುಡಿಸಿ... ಪ್ರೀತಿಯಿಂದ...

ಬಕ್ರೀದ್ ಹಸುವಿಗೂ ಹೀಗೇ ತಾನೆ, ಹುಲ್ಲು ಹಾಕಿ, ಬೆನ್ನು ಸವರಿ... ಈ ಊರಿನಲ್ಲಿ ತನ್ನನ್ನು ನಂಬಿದವನು ಒಬ್ಬನೇ ಎಂದುಕೊಂಡಿದ್ದಳು. ಅವನೂ ವ್ಯಾಪಾರಿಯಾದರೆ ಅವಳಿಗೆ ಸಿಕ್ಕ ಸೀಟಿಗೂ ರುಚಿಯಿರಲಿಲ್ಲ.

ಹೊರಗೆ ಕ್ಲಾಸಿನ ಬಾಗಿಲಲ್ಲಿ ಇಶ್ತಿಯಾಕ್ ಎದುರಾದ. ಅವಳನ್ನು ನೋಡಿ ಅವನ ಮುಖ ಅರಳಿತು. "ಜೊನಾಕಿ, ಈಗಷ್ಟೇ..."

"ಒಂದೇ ಪ್ರಶ್ನೆ. ಡೈರೆಕ್ಟರ್ ಆರಿಸಿದವರಿಗೆ ನೀವು ದುಡ್ಡಿಗೆ ಕಲಿಸ್ತೀರಾ, ಇಲ್ವಾ?"

ಅವನ ಮುಖ ಬಾಡಿತು. "ಕಲಿಸ್ತೀನಿ. ಆದ್ರೆ..."

"ಸಾಕು. ಬೋನಸ್ ಬಂದಾಗ ಆ ಚಹಾ ಅಂಗಡಿಯವನಿಗೂ ಒಂದು ಪಾಲು ಕೊಡಿ. ಅವನ ಬೆಂಚೂ ಸವೆದಿದೆ."

"ಇಷ್ಟು ದಿನದಲ್ಲಿ ನನ್ನನ್ನ ಇಷ್ಟೇ ಓದಿದ್ಯಾ?"

"ಓದೋಕೆ ಏನಿದೆ ನಿಮ್ಮಲ್ಲಿ?"

ಸ್ವಾಭಿಮಾನ ಅನ್ನುವುದು ಬಾಯಿ ತೆರೆಯಬೇಕಾದಾಗಲೇ ಬೀಗ ಹಾಕುತ್ತದೆ. ಕ್ಲಾಸಿನೊಳಗೆ ಹೋಗಿ ಅವನು ಬಾಗಿಲು ಎಳೆದುಕೊಂಡ.

ಆಮೇಲಿನ ದಿನಗಳಲ್ಲಿ ಅವಳು ಊಟ ಮಾಡಿದ್ದು ಕಡಿಮೆ, ಅವನನ್ನು ಬೈದುಕೊಂಡಿದ್ದು ಹೆಚ್ಚು. ಕಲಿತಿದ್ದ ತಿರಸ್ಕಾರದ ಪದಗಳೆಲ್ಲ ಅವನಿಗೇ ಖರ್ಚಾದವು. ಖರ್ಚಾದ ಮೇಲೂ ಅವನ ನಗು ಮಾತ್ರ ಅಲ್ಲೇ ಉಳಿದಿತ್ತು. ಅದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಶುಕ್ರವಾರ ಬೆಳಿಗ್ಗೆ, ವಾರದ ರಜೆಯ ಊರು ಇನ್ನೂ ಹಾಸಿಗೆಯಲ್ಲಿದ್ದಾಗ, ಹಾಸ್ಟೆಲ್ ಅಡುಗೆಯಾಕೆಯ ಕತ್ತರಿಯನ್ನು ದುಪಟ್ಟಾದೊಳಗೆ ಸುತ್ತಿಕೊಂಡು ಅವಳು ಸೇತುವೆ ಹತ್ತಿದಳು. ಆಡಿದ ಮಾತು ಮಾತೇ.

ಬ್ಯಾನರ್ ಇತ್ತು. ಮುಖ ಇರಲಿಲ್ಲ.

ಅವಳ ಮುಖವಿದ್ದ ಜಾಗದಲ್ಲಿ ಚೌಕಾಕಾರದ ಕಿಂಡಿ. ಆ ಕಿಂಡಿಯಲ್ಲಿ ಕೆಳಗಿನ ಖಾಲಿ ರಸ್ತೆ, ಒಂದು ರಿಕ್ಷಾ, ಮಲಗಿದ ನಾಯಿ ಕಾಣುತ್ತಿದ್ದವು. ಯಾರೋ ಅಂಚು ಕೆಡದಂತೆ ಕತ್ತರಿಸಿಕೊಂಡು ಹೋಗಿದ್ದರು.

ಕಿಂಡಿಯ ಕೆಳಗೆ, ಅಂದು ಅವಳು ಓದದೆ ಬಿಟ್ಟಿದ್ದ ಸಾಲು ಹಾಗೇ ಇತ್ತು: 'ಮೊದಲ ಟೆಸ್ಟಿನ ಟಾಪ್ ಹತ್ತರಿಂದ ನಾವೇ ಆರಿಸಿದ ಪ್ರತಿಭೆ'.

ಮೊದಲ ಟೆಸ್ಟಿನ ಟಾಪ್ ಹತ್ತು...

ಜೊನಾಕಿ ಅದನ್ನು ಮತ್ತೆ ಓದಿದಳು. ಮೊದಲ ಟೆಸ್ಟು. ಇಡೀ ಕ್ಲಾಸು ನಕ್ಕ ಟೆಸ್ಟು. ಕುದುರೆಗಳನ್ನು ಆರಿಸಿದ್ದು ಆ ಟೆಸ್ಟಿನಲ್ಲಾದರೆ, ಸೊನ್ನೆಗಿಂತ ಕೆಳಗಿದ್ದ ತನ್ನನ್ನು ಆರಿಸಿದವರು ಯಾರು? ತನ್ನ ತಲೆಗೆ ಬೋನಸ್ ಕಟ್ಟಲು ಆ ಡೈರೆಕ್ಟರ್‌ಗೇನು ಹುಚ್ಚೇ?

ಯಾರೂ ಆರಿಸಿರಲಿಲ್ಲ. ಅವನೊಬ್ಬನೇ ಆರಿಸಿದ್ದ.

ಕತ್ತರಿ ಕೈಯಿಂದ ಜಾರಿತು. ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಕಣ್ಣು ಮಂಜಾಗಿತ್ತು. ಎಂಥಾ ದಡ್ಡಿ ನಾನು... ಗೊತ್ತಿಲ್ಲದ ಪ್ರಶ್ನೆಗೆ ಮತ್ತೆ ಉತ್ತರ ಬರೆದುಬಿಟ್ಟೆ.

ಚಹಾ ಅಂಗಡಿಯ ಬೆಂಚಿನ ಮೇಲೆ ಇಶ್ತಿಯಾಕ್ ಕುಳಿತಿದ್ದ. ಮೊಣಕಾಲುಗಳ ನಡುವೆ ಸುರುಳಿ ಸುತ್ತಿದ ಬ್ಯಾನರ್ ತುಂಡು. ಅದರಿಂದ ಕಿತ್ತಳೆ ಬಣ್ಣ ಇಣುಕುತ್ತಿತ್ತು.

"ನನ್ನ ಮುಖ ಕದ್ದಿದ್ದು ನೀವಾ?"

ಅವನು ತಲೆಯೆತ್ತಿದ. ಕಣ್ಣಲ್ಲಿ ನಿದ್ದೆಯಿರಲಿಲ್ಲ. "ತೆಗೀರಿ ಅಂತ ಡೈರೆಕ್ಟರ್‌ಗೆ ಎಲ್ಲರ ಮುಂದೆ ಹೇಳಿದೆ. ಬ್ಯಾನರ್ ಬದಲು ನನ್ನನ್ನ ತೆಗೆದ್ರು. ಅದಕ್ಕೆ ನಾನೇ ಕತ್ತರಿಸಿದೆ."

"ಕೆಲಸ ಹೋಯ್ತಾ?"

"ಅಂಗಡಿ ಕೆಲಸ ತಾನೆ. ನೀನೇ ಅಂದಿದ್ದೆಯಲ್ಲ."

"ಅವತ್ತೇ ಯಾಕೆ ಹೇಳ್ಲಿಲ್ಲ, ನಾನು ಆ ಹತ್ತರಲ್ಲಿ ಇರ್ಲಿಲ್ಲ ಅಂತ?"

"ದುಡ್ಡಿಗೆ ಕಲಿಸೋನು ಒಬ್ಬಳಿಗೆ ಮಾತ್ರ ಪುಕ್ಕಟೆ ಕಲಿಸಿದೆ ಅಂದ್ರೆ, ನಾನೇ ನಂಬ್ತಿರ್ಲಿಲ್ಲ."

ಜೊನಾಕಿ ಬೆಂಚಿನ ಆ ತುದಿಯಲ್ಲಿ ಕುಳಿತಳು. ಕತ್ತರಿಯನ್ನು ಪಕ್ಕದಲ್ಲಿಟ್ಟಳು.

"ತಪ್ಪಾಯ್ತು. ತುಂಬಾ ಕೆಟ್ಟದಾಗಿ ಮಾತಾಡಿದೆ."

"ಕೆಟ್ಟದಾಗಿ ಮಾತಾಡೋದು ನನ್ನಿಂದಲೇ ಕಲಿತಿದ್ದು." ಅವನು ಸುರುಳಿಯನ್ನು ಸವರಿದ. "ಈ ಫೋಟೋ ನೋಡಿದ್ಯಾ? ಅಷ್ಟು ಜನ ಹಲ್ಲು ಬಿಡ್ತಿರೋ ಸೇತುವೆ ಮೇಲೆ ನೀನೊಬ್ಬಳೇ ಎಲ್ಲರನ್ನೂ ಬೈಯೋ ಮುಖ ಮಾಡಿದ್ದೆ. ಅದನ್ನ ಅಲ್ಲಿ ಬಿಡೋಕೆ ನನಗೆ ಮನಸ್ಸಾಗ್ಲಿಲ್ಲ."

"ಪುಕ್ಕಟೆ ಯಾಕೆ ಕಲಿಸಿದ್ರಿ?"

"ಈ ಪ್ರಶ್ನೆ ಖಾಲಿ ಬಿಡ್ಲಾ?"

"ಬೇಡ. ಬರೀರಿ."

ಅವನು ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟ.

"ಮೊದಲ ದಿನ ಪೇಪರ್ ಇನ್ನೊಂದ್ಸಲ ನೋಡಿದ್ದು ಗ್ರಾಮರ್‌ಗಲ್ಲ. ನಿನ್ನ ಹೆಸರು ಮತ್ತೆ ಓದೋಕೆ. ಆಮೇಲೆ ಕಲಿಸೋದು ಒಂದು ನೆಪ ಆಯ್ತು... ನೀನಂದ್ರೆ ನನಗೆ ಇಷ್ಟ, ಜೊನಾಕಿ. ತಪ್ಪು ಉತ್ತರ ಆದ್ರೆ ಅಂಕ ಕಳಿ."

ಅವಳು ಅಳುತ್ತಲೇ ನಕ್ಕಳು.

"ಆ ಮಿಠಾಯಿ ನನಗೆ ತಂದಿದ್ದಾ?" ಅವನು ಕೇಳಿದ.

"ಹೂಂ. ನಿಮ್ಮ ಡೈರೆಕ್ಟರ್ ಭಾಯಿಯಾ ತಿಂದ್ಹಾಕಿದ."

"ನೋಡು, ಅವನನ್ನೂ ಭಾಯಿಯಾ ಅಂತೀಯ. ನನ್ನನ್ನ ಮಾತ್ರ ಒಂದು ಸಲನೂ ಅನ್ಲಿಲ್ಲ. ಅಷ್ಟು ತಿರಸ್ಕಾರ ಇತ್ತಾ?"

ಜೊನಾಕಿ ಕಣ್ಣೊರೆಸಿಕೊಂಡು, ಅವನ ಗ್ಲಾಸಿನಲ್ಲಿ ಉಳಿದಿದ್ದ ಚಹಾವನ್ನು ಎತ್ತಿ ಕುಡಿದಳು.

"ಅದೊಂದನ್ನ ಗೊತ್ತಿದ್ದೇ ಖಾಲಿ ಬಿಟ್ಟೆ," ಅಂದಳು. "ಬರೆದಿದ್ರೆ ತಪ್ಪಾಗ್ತಿತ್ತು."