ತಲೆಗೆ ಅರ್ಧ ಶೆಕೆಲ್

2024ರ ಮಾರ್ಚ್ 11, ಸೋಮವಾರ. ಬೆಳಿಗ್ಗೆ 9.40ಕ್ಕೆ ಠಾಣೆಗೆ ಒಂದು ದೂರು ಬಂತು. ಲಂಡನ್ನಿನ ಕೆಂಟನ್‌ನ ಚರ್ಚ್ ಹಾಲ್‌ನಲ್ಲಿ ನಡೆಯುತ್ತಿದ್ದ ಬೈಬಲ್ ಕಾಲದ ನಾಣ್ಯಗಳ ಪ್ರದರ್ಶನದಿಂದ ಒಂದು ಬೆಳ್ಳಿ ನಾಣ್ಯ ಕಳುವಾಗಿದೆ ಎಂದು. ಊರಲ್ಲಾದರೆ ಎಫ್‌ಐಆರ್ ಹಾಕುತ್ತಿದ್ದರು. ಇಲ್ಲಿ ಒಂದು ಕ್ರೈಂ ನಂಬರ್ ಕೊಟ್ಟು ಫೋನ್ ಇಡುತ್ತಾರೆ. ಒಂದು ನಾಣ್ಯಕ್ಕೆ ಇನ್ಸ್‌ಪೆಕ್ಟರ್ ಹೋಗುವ ವಾಡಿಕೆಯೂ ಇಲ್ಲ. ಆದರೆ ಹಾಲ್ ನೋಡಿಕೊಳ್ಳುವವನು ಕನ್ನಡದವನು, ದೂರು ಕೊಟ್ಟವರೂ ಕನ್ನಡ ಬಲ್ಲವರು ಎಂದು ಗೊತ್ತಾದ ಮೇಲೆ ಕಡತ ಸುತ್ತಿ ಸುತ್ತಿ ಇನ್ಸ್‌ಪೆಕ್ಟರ್ ಶಶಿಧರ ಅವರ ಮೇಜಿಗೇ ಬಂತು. ಅವರು ಹುಟ್ಟಿದ್ದು ಧಾರವಾಡದಲ್ಲಿ, ಬೆಳೆದದ್ದು ಕ್ರೋಯ್ಡನ್‌ನಲ್ಲಿ. ಜೊತೆಗೆ ಕಾನ್‌ಸ್ಟೆಬಲ್ ಜೇನ್ ರೇಗೊ. ಅವಳ ಮನೆಯವರು ಉಡುಪಿ ಕಡೆಯ ಕಥೋಲಿಕರು.

10.50ಕ್ಕೆ ಇಬ್ಬರೂ ಹಾಲ್ ತಲುಪಿದರು. ದೂರುದಾರರು ಎಮ್ಯಾನುವೆಲ್ ಸಲ್ಡಾನಾ, ವಯಸ್ಸು ಎಪ್ಪತ್ತೊಂದು, ಹಡಗಿನ ಕೆಲಸದಿಂದ ನಿವೃತ್ತರು. ಗಾಜಿನ ಪೆಟ್ಟಿಗೆ ಒಡೆದಿರಲಿಲ್ಲ, ಬೀಗವೂ ಸರಿಯಾಗಿತ್ತು. ನಾಣ್ಯ ಇದ್ದ ಜಾಗದಲ್ಲಿ ಮಾತ್ರ ಮೂರು ವಸ್ತುಗಳಿದ್ದವು: ವಿಕ್ಟೋರಿಯಾ ರಾಣಿ ಛಾಪಿನ ಒಂದು ಹಳೆಯ ರೂಪಾಯಿ, ಬೆಳ್ಳಿಯ ಒಂದು ಕಾಲುಂಗುರ, ಹತ್ತು ಪೆನ್ಸಿನ ಒಂದು ನಾಣ್ಯ.

ಶಶಿಧರ ಬಗ್ಗಿ ನೋಡಿದರು. ಮತ್ತೊಮ್ಮೆ ನೋಡಿದರು.

"ಕಳ್ಳ ಇಟ್ಟು ಹೋಗಿದ್ದಾ ಇದನ್ನ?"

"ಹೌದು ಮಾರಾಯ್ರೆ. ನಿನ್ನೆ ಸಂಜೆ ಐದಕ್ಕೆ ಬೀಗ ಹಾಕುವಾಗ ಇದೆಲ್ಲ ಇರಲಿಲ್ಲ. ಇವತ್ತು ಒಂಬತ್ತಕ್ಕೆ ಬಂದು ನೋಡ್ತೇನೆ, ಹೀಗೆ."

ಪಂಚನಾಮೆಗೆ ಇಲ್ಲಿ ಪಂಚರಿಲ್ಲ. ಜೇನ್ ಎಲ್ಲದರ ಫೋಟೊ ತೆಗೆದು, ಬೇರೆ ಬೇರೆ ಚೀಲಕ್ಕೆ ಹಾಕಿ, ಸಮಯ ಬರೆದಳು.

"ಹೋದದ್ದು ಎಂಥ ನಾಣ್ಯ?"

"ತೂರ್ ಪಟ್ಟಣದ ಶೆಕೆಲ್. ಎರಡು ಸಾವಿರ ವರ್ಷದ್ದು. ಜೆರುಸಲೇಮಿನ ದೇವಾಲಯಕ್ಕೆ ತೆರಿಗೆ ಕಟ್ಟುವುದಾದರೆ ಇದೇ ನಾಣ್ಯ ಬೇಕಿತ್ತು. ತಲೆಗೆ ಅರ್ಧ ಶೆಕೆಲ್."

ಗೋಡೆಗೆ ಹಾಕಿದ್ದ ದೊಡ್ಡ ಚಿತ್ರವನ್ನು ಶಶಿಧರ ತೋರಿಸಿದರು. "ಇದರ ಮೇಲಿರೋ ಮುಖ ಯಾರದು?"

"ಅದು ತೂರಿನವರ ದೇವರು. ಮೆಲ್ಕಾರ್ತ್ ಅಂತ."

"ಯೆಹೂದಿಗಳ ದೇವಾಲಯಕ್ಕೆ ಬೇರೆಯವರ ದೇವರ ನಾಣ್ಯ?"

"ಬೆಳ್ಳಿ ಚೊಕ್ಕ ಇತ್ತಲ್ಲ," ಎಂದರು ಎಮ್ಯಾನುವೆಲ್. "ಮುಖ ಯಾರದ್ದಾದರೆ ಎಂತ."

ಬೆಲೆ ಸುಮಾರು ಸಾವಿರದ ಇನ್ನೂರು ಪೌಂಡ್. ಅದೇ ಪೆಟ್ಟಿಗೆಯಲ್ಲಿ, ಒಂದು ಗೇಣು ಪಕ್ಕದಲ್ಲಿ, ಅದರ ನಾಲ್ಕು ಪಟ್ಟು ಬೆಲೆಯ ಚಿನ್ನದ ನಾಣ್ಯವಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಶಶಿಧರ ಪುಸ್ತಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಏನೂ ಬರೆಯಲಿಲ್ಲ.

ಪೆಟ್ಟಿಗೆಯ ಬೀಗಕ್ಕೆ ಎರಡು ಕೀಲಿ. ಒಂದು ಎಮ್ಯಾನುವೆಲ್ ಅವರ ಜೇಬಿನಲ್ಲಿ. ಇನ್ನೊಂದು ಮೇಲಿನ ಫ್ಲ್ಯಾಟ್‌ನಲ್ಲಿ, ಹಾಲ್ ನೋಡಿಕೊಳ್ಳುವ ಪ್ರಸಾದನ ಅಡುಗೆಮನೆಯ ಮೊಳೆಗೆ.

11.35ಕ್ಕೆ ಪ್ರಸಾದನ ವಿಚಾರಣೆ. ಮೂವತ್ನಾಲ್ಕು ವಯಸ್ಸು, ವಿಜಯಪುರದವನು. ಅಷ್ಟರಲ್ಲಾಗಲೇ ಹಾಲ್ ಕಮಿಟಿಯಿಂದ ಅವನಿಗೆ ಇಮೇಲ್ ಬಂದಿತ್ತು: ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರುವುದು ಬೇಡ.

"ಕೀಲಿ ಯಾರ‍್ಯಾರ ಕೈಗೆ ಸಿಗ್ತದ?"

"ನನ್ನ ಕೈಗಷ್ಟರಿ ಸಾಹೇಬ್ರ."

"ಮನ್ಯಾಗ ಮತ್ತ ಯಾರದಾರ?"

"ಹೆಂಡ್ತಿ ಸುವರ್ಣಾ ದವಾಖಾನ್ಯಾಗ ಅದಾಳ್ರಿ. ಅವಳಿ ಕೂಸು. ನಾಳೆ ಎರಡಕ್ಕ ಆಪರೇಷನ್. ಅತ್ತಿ ಬಾಣಂತನಕ್ಕ ಅಂತ ಊರಿಂದ ಬಂದಾರ, ಅವ್ರೂ ಅಲ್ಲೇ ಹೋಗಿ ಬಂದು ಮಾಡ್ತಾರ." ಅವನು ತಲೆಯೆತ್ತಲಿಲ್ಲ. "ಕೆಲಸ ಹ್ವಾದ್ರ ಈ ಮನೀನೂ ಹೋಗ್ತೈತ್ರಿ. ಕೆಲಸದ ಜೋಡಿನ ಕೊಟ್ಟ ಮನಿ ಇದು. ಎರಡು ಕೂಸು ಕಟ್ಟಿಕೊಂಡು ಎಲ್ಲಿಗೆ ಹೋಗ್ಲಿ?"

ಜೇನ್ ಫೋನಿನಲ್ಲಿ ಮೂರು ಫೋಟೊ ತೋರಿಸಿದಳು. ರೂಪಾಯಿ, ಕಾಲುಂಗುರ, ಹತ್ತು ಪೆನ್ಸ್. ಎರಡನೆಯದರ ಮೇಲೆ ಅವನ ಕಣ್ಣು ನಿಂತಿತು.

"ಗುರ್ತು ಅದ ಏನು?" ಶಶಿಧರ ಕೇಳಿದರು.

"ಇಲ್ರಿ."

ಕೆಳಗೆ ಇಳಿಯುವಾಗ ಜೇನ್ ಕೇಳಿದಳು, "ಸರ್, ಅವನು ಸುಳ್ಳು ಹೇಳ್ತಿದ್ದಾನೆ ಅಲ್ವಾ?"

"ಹೇಳ್ತಿದ್ದಾನೆ. ಯಾವುದರ ಬಗ್ಗೆ ಅಂತ ತಿಳೀತಿಲ್ಲ."

ಮಂಗಳವಾರ ಬೆಳಿಗ್ಗೆ 9.15. ಶಶಿಧರ ತಮ್ಮ ಮನೆಯ ಎರಡು ಟಿಫಿನ್ ಬಾಕ್ಸ್ ಅದಲು ಬದಲು ಮಾಡಿಕೊಂಡು ಬಂದಿದ್ದರು. ಮಗಳ ಆಲೂಗಡ್ಡೆ ಪಲ್ಯ ಅವರ ಮೇಜಿನ ಮೇಲಿತ್ತು. ಜೇನ್ ಸಾಕ್ಷ್ಯದ ಕೋಣೆಯಿಂದ ಒಂದು ಚೀಟಿ ಹಿಡಿದು ಬಂದಳು.

"ತೂಕ ಮಾಡಿಸಿದೆ ಸರ್. ರೂಪಾಯಿ ಹನ್ನೊಂದೂವರೆ ಗ್ರಾಂ. ಕಾಲುಂಗುರ ಎರಡು ಪಾಯಿಂಟ್ ಆರು. ಕೂಡಿದರೆ ಹದಿನಾಲ್ಕು ಪಾಯಿಂಟ್ ಒಂದು."

"ಆಮೇಲೆ?"

"ಹೋದ ನಾಣ್ಯದ ಪಕ್ಕ ಇಟ್ಟಿದ್ದ ವಿವರದ ಕಾರ್ಡ್ ನೋಡಿ. ತೂಕ ಹದಿನಾಲ್ಕು ಪಾಯಿಂಟ್ ಒಂದು."

ಶಶಿಧರ ಕಾರ್ಡ್ ತೆಗೆದುಕೊಂಡು ಓದಿದರು. ಬೆಳ್ಳಿಗೆ ಬೆಳ್ಳಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಇವನು ಕಳ್ಳನೋ, ಅಕ್ಕಸಾಲಿಗನೋ? ಮತ್ತೆ ಈ ಹತ್ತು ಪೆನ್ಸ್ ಯಾಕೆ?"

"ಅದು ಮಾತ್ರ ಗೊತ್ತಾಗ್ತಾ ಇಲ್ಲ. ಅದರಲ್ಲಿ ಬೆಳ್ಳಿಯೇ ಇಲ್ಲ."

ಅರ್ಧ ಗಂಟೆ ಇಬ್ಬರೂ ಅದನ್ನೇ ಹಿಡಿದು ಕೂತರು. ಗುರುತಾ? ಗೇಲಿಯಾ? ಜೇಬಿನಿಂದ ಜಾರಿದ್ದಾ? ಯಾವುದೂ ಹೊಂದಲಿಲ್ಲ. ಕೊನೆಗೆ ಜೇನ್ ಹತ್ತು ಪೆನ್ಸ್ ಬದಿಗಿಟ್ಟು ಬೇರೆ ಕಡೆಯಿಂದ ಹೊರಟಳು.

"ಸಂಡೇ ಸ್ಕೂಲಲ್ಲಿ ಹೇಳಿಕೊಟ್ಟಿದ್ರು. ಮೀನಿನ ಬಾಯಲ್ಲಿ ಸಿಕ್ಕಿದ ಒಂದು ನಾಣ್ಯದಲ್ಲಿ ಯೇಸು ಮತ್ತು ಪೇತ್ರ, ಇಬ್ಬರ ತೆರಿಗೆಯನ್ನೂ ಕಟ್ಟಿದ್ರು. ಅರ್ಧ ಶೆಕೆಲ್ ಅಂದರೆ ಒಂದು ತಲೆ ಅಲ್ವಾ? ಹಾಗಾದರೆ ಒಂದು ಶೆಕೆಲ್..."

"ಎರಡು ತಲೆ," ಎಂದರು ಶಶಿಧರ. ತಮ್ಮ ಪುಸ್ತಕದಲ್ಲಿ 'ಅವಳಿ ಕೂಸು' ಎಂದು ಬರೆದಿದ್ದ ಸಾಲಿಗೆ ಬೆರಳಿಟ್ಟು ತೋರಿಸಿ ಕೋಟು ಹಾಕಿಕೊಂಡರು.

11.50. ಪ್ರಸಾದ ಆಸ್ಪತ್ರೆಗೆ ಹೊರಟು ನಿಂತಿದ್ದ. ಶಶಿಧರ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ಹೆಂಡ್ತಿ ಕಾಲುಂಗುರ ಎಲ್ಲಿ ಅವ?"

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. "ಶನಿವಾರ ದವಾಖಾನ್ಯಾಗ ಸೇರಿಸ್ಕೊಂಡಾಗನ ತಗಸಿದ್ರು ಸಾಹೇಬ್ರ. ಆಪರೇಷನ್‌ಗೆ ಮೈಮ್ಯಾಗ ಏನೂ ಇರಬಾರ್ದು ಅಂದ್ರು. ಚೀಲದಾಗ ಹಾಕಿ ಅತ್ತಿ ಕೈಯಾಗ ಕೊಟ್ರು." ನಂತರ, "ಬೇಕಾದ್ರ ನನ್ನ ಹೆಸರ ಬರಕೋರಿ. ಅವ್ರು ಊರಿಗೆ ಹೋಗಬೇಕಾದವ್ರು."

"ನಿಮ್ಮ ಹೆಸರು ಬರಕೊಂಡ್ರ ಮನಿ?"

ಅವನು ಎದ್ದು ಆಸ್ಪತ್ರೆಯ ಹಾದಿ ಹಿಡಿದ.

1.20. ಹೆರಿಗೆ ವಾರ್ಡಿನ ಹೊರಗಿನ ಕುರ್ಚಿಯಲ್ಲಿ ಸುವರ್ಣಾಳ ತಾಯಿ ಚಂದ್ರವ್ವ ಕೂತಿದ್ದರು. ಅರವತ್ತರ ಮೇಲಿನ ವಯಸ್ಸು, ಇಳಕಲ್ ಸೀರೆಯ ಮೇಲೆ ಅಳಿಯನ ದಪ್ಪ ಜಾಕೆಟ್. ಶಶಿಧರ ತಮ್ಮ ಗುರುತು ಹೇಳಿದರು. ಮುದುಕಿ ಗಾಬರಿಯಾಗಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ಬುತ್ತಿಯನ್ನು ಸರಿಸಿ ಜಾಗ ಮಾಡಿಕೊಟ್ಟರು.

"ಅವ್ವಾರ, ಚರ್ಚಿನಾಗಿಂದು ಬೆಳ್ಳಿ ನಾಣ್ಯ ನೀವು ತಗೊಂಡೀರೇನು?"

"ತಗೊಂಡೀನಿ."

"ಕದಿಯೋದು ತಪ್ಪಲ್ರಿ?"

"ಕದ್ದಿಲ್ಲೋ ಯಪ್ಪಾ. ಬದಲಿ ಮಾಡೀನಿ. ಅಡಿಗಿ ಮನ್ಯಾಗಿನ ತೂಕದ ಮ್ಯಾಲ ಇಟ್ಟು ನೋಡಿ, ಅದಕ್ಕ ಸಮ ಬೆಳ್ಳಿ ಇಟ್ಟು ಬಂದೀನಿ. ರೂಪಾಯಿ ನಮ್ಮತ್ತಿ ಕೊಟ್ಟದ್ದು. ಕಮ್ಮಿ ಬಿತ್ತು, ಮಗಳ ಕಾಲುಂಗುರ ಹಾಕಿದೆ."

"ಮತ್ತ ಹತ್ತು ಪೆನ್ಸು?"

ಇವನೆಂಥ ಪೊಲೀಸಿನವನು ಎಂಬಂತೆ ಚಂದ್ರವ್ವ ನೋಡಿದರು. "ವಟ್ಟಾ."

ಜೇನ್‌ಗೆ ಆ ಮಾತು ಗೊತ್ತಿರಲಿಲ್ಲ. ನಾಣ್ಯ ಬದಲಿಸಿ ಕೊಡುವವನಿಗೆ ಮೇಲೆ ಕೊಡುವ ದುಡ್ಡು ಎಂದು ಶಶಿಧರ ಹೇಳಿದರು.

"ವಟ್ಟಾ ಕೊಡ್ರಿ ಅಂತ ಯಾರು ಹೇಳಿದ್ರು?"

"ಆ ಗಾಜಿನ ಪೆಟಗಿ ಅಜ್ಜಾರು. ಐತವಾರ ಕನ್ನಡದಾಗ ಎಲ್ಲಾ ತಿಳಿಸಿ ಹೇಳಿದ್ರು. ಮಂದಿ ಎಣಿಸಿದ್ರ ತಲಿಗೆ ಅರ್ಧ ಕಟ್ಟಬೇಕಂತ, ಜೀವದ ಬದಲಿಗೆ. ಇಲ್ಲಂದ್ರ ಎಣಿಸಿಕೊಂಡವ್ರಿಗೆ ಕೇಡು ಬರ್ತೈತಂತ. ಗುಡಿ ಮುಂದ ಕೂತು ಬದಲಿ ಮಾಡಿ ಕೊಡ್ತಿದ್ರಂತ. ಈಗ ಯಾರು ಮಾಡಿ ಕೊಡ್ತಾರ್ರಿ ಅಂದೆ. 'ನಾನೇ ಮಾಡಿ ಕೊಡ್ತೇನೆ ಅಮ್ಮ, ಬೆಳ್ಳಿಗೆ ಬೆಳ್ಳಿ, ಮೇಲೆ ವಟ್ಟ' ಅಂದ್ರು. ಸೋಮವಾರ ನಸಿಕಿನ್ಯಾಗ ಮೊಳಿಗಿದ್ದ ಕೀಲಿ ತಗೊಂಡು ಹ್ವಾದೆ, ಅವ್ರು ಬಂದಿರ್ಲಿಲ್ಲ. ನಾನ ತಗದು ನಾನ ಇಟ್ಟೆ."

"ನಾಣ್ಯ ಈಗ ಎಲ್ಲೈತಿ?"

"ಅರಿಷಿಣ ಅರಿವ್ಯಾಗ ಕಟ್ಟಿ ಮಗಳ ತಲಿಗಿಂಬಿನ ಕೆಳಗ ಇಟ್ಟಿದ್ದೆ. ನರ್ಸಬಾಯಿ ಪ್ಲ್ಯಾಸ್ಟಿಕ್ ಚೀಲದಾಗ ಹಾಕಿ ಮಂಚಕ್ಕ ಅಂಟಿಸ್ಯಾಳ."

ಕಾರಿಡಾರಿನ ಆ ತುದಿಯಲ್ಲಿ ಸುವರ್ಣಾಳ ಮಂಚ ಕಾಣುತ್ತಿತ್ತು. ಪ್ರಸಾದ ಅದರ ಪಕ್ಕ ನಿಂತಿದ್ದ. ಕಳುವಾದ ಮಾಲು ಇಪ್ಪತ್ತು ಹೆಜ್ಜೆ ದೂರದಲ್ಲಿದೆ ಎಂದು ಇಬ್ಬರು ಪೊಲೀಸರಿಗೂ ಗೊತ್ತು.

"ಈಗಲೇ ತೆಗೀಬೇಕಾ ಸರ್?"

ಶಶಿಧರ ಗಡಿಯಾರ ನೋಡಿದರು. 1.38. "ಆಪರೇಷನ್ ಥಿಯೇಟರ್ ಒಳಗೆ ಹೋಗೋಕೆ ನಮಗೆ ಅನುಮತಿ ಇಲ್ಲ. ಹಾಗೇ ಬರಕೋ."

ಮಂಚ ಇನ್ನೂ ಹೊರಗೇ ಇತ್ತು. ಜೇನ್ ಹಾಗೇ ಬರೆದುಕೊಂಡಳು.

3.05ಕ್ಕೆ ಪ್ರಸಾದ ಹೊರಗೆ ಬಂದ. ಒಂದು ಹೆಣ್ಣು, ಒಂದು ಗಂಡು. ತೂಕ ಕಡಿಮೆ, ಉಸಿರು ಸರಿಯಿದೆ. ತಾಯಿಗೆ ರಕ್ತ ಕೊಡುತ್ತಿದ್ದಾರೆ, ಮಾತಾಡುತ್ತಿದ್ದಾಳೆ. ಚಂದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡರು. 4.25ಕ್ಕೆ ನರ್ಸ್ ಎದುರು ಹಳದಿ ಗಂಟನ್ನು ಬಿಚ್ಚಿ ನಾಣ್ಯವನ್ನು ವಶಕ್ಕೆ ತೆಗೆದುಕೊಳ್ಳಲಾಯಿತು.

ಬಂಧಿಸದೆಯೇ ಹೇಳಿಕೆ ಪಡೆಯಬಹುದಿತ್ತು. ಶಶಿಧರ ಅದನ್ನೇ ಹೇಳಿದರು. ಚಂದ್ರವ್ವ ಒಪ್ಪಲಿಲ್ಲ. "ಕಾಗದದ ಮ್ಯಾಲ ನನ್ನ ಹೆಸರ ಬರಬೇಕು. ಇಲ್ಲಂದ್ರ ಆ ಕಮಿಟಿಯವ್ರು ಅಳಿಯನ್ನ ಬಿಡಂಗಿಲ್ಲ. ಕೂಸು ಎಲ್ಲಿ ಮಲಗ್ಬೇಕು?" ಅದರಲ್ಲಿ ತಪ್ಪು ಹುಡುಕಲು ಶಶಿಧರರಿಗೆ ಆಗಲಿಲ್ಲ. 4.40ಕ್ಕೆ, 'ನೀವು ಏನೂ ಹೇಳಬೇಕಾಗಿಲ್ಲ' ಎಂದು ಶುರುವಾಗುವ ಎಚ್ಚರಿಕೆಯನ್ನು ಅವರು ಧಾರವಾಡದ ಕನ್ನಡದಲ್ಲಿ ಓದಿದರು. "ಎಲ್ಲಾ ಹೇಳೀನಲ್ಲೋ," ಎಂದರು ಮುದುಕಿ.

6.15ಕ್ಕೆ ಎಮ್ಯಾನುವೆಲ್ ಠಾಣೆಗೆ ಬಂದರು.

"ಭಾನುವಾರ ಒಬ್ಬ ಹೆಂಗಸಿಗೆ, ನಾನೇ ಬದಲಿ ಮಾಡಿ ಕೊಡ್ತೇನೆ ಅಂದಿದ್ರಾ?"

ಇಲ್ಲ ಎಂದಿದ್ದರೆ ಅದು ಕಳ್ಳತನ. ಹೌದು ಎಂದರೆ ಏನು ಎಂದು ಶಶಿಧರರಿಗೂ ಸ್ಪಷ್ಟವಿರಲಿಲ್ಲ. ಎಮ್ಯಾನುವೆಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತಮಾಷೆಗೆ ಅಂದದ್ದು. ಈ ಊರಲ್ಲಿ ನನ್ನ ಕತೆಯನ್ನು ಅಷ್ಟು ಹೊತ್ತು ಯಾರು ಕೇಳ್ತಾರೆ?" ನಂತರ, "ಆ ತೆರಿಗೆ ಇಪ್ಪತ್ತು ದಾಟಿದ ಗಂಡಸರಿಗೆ ಮಾತ್ರ. ಹುಟ್ಟದ ಮಕ್ಕಳಿಗೆ ಇರಲಿಲ್ಲ. ಅದನ್ನು ನಾನು ಹೇಳಲೇ ಇಲ್ಲ ನೋಡಿ."

"ಅಂದಿದ್ದೆ ಅಂತ ಬರೆದುಕೊಡ್ತೀರಾ?"

"ಬರೆದುಕೊಡ್ತೇನೆ. ಕಮಿಟಿಗೂ ಒಂದು ಪ್ರತಿ ಕೊಡಿ."

ಅದು ಕಳ್ಳತನವೋ ವ್ಯಾಪಾರವೋ ತೀರ್ಮಾನಿಸುವುದು ಮೇಲಿನವರ ಕೆಲಸ. 7.50ಕ್ಕೆ ಚಂದ್ರವ್ವ ಅವರನ್ನು ಜಾಮೀನಿನ ಮೇಲೆ ಕಳಿಸಲಾಯಿತು. ಜೇನ್ ತಾನೇ ಆಸ್ಪತ್ರೆಗೆ ಬಿಟ್ಟುಬಂದಳು.

ವರದಿಯಲ್ಲಿ ಉದ್ದೇಶ ಎಂಬ ಜಾಗ ಉಳಿದಿತ್ತು. 'ಧಾರ್ಮಿಕ ನಂಬಿಕೆ' ಎಂದು ಟೈಪ್ ಮಾಡಿ ಶಶಿಧರ ಅಳಿಸಿದರು. ಆ ನಾಣ್ಯದ ದೇವರು ಚಂದ್ರವ್ವ ಅವರ ದೇವರಲ್ಲ, ಆ ದೇವಾಲಯವೂ ಅವರದಲ್ಲ. 'ತಪ್ಪು ತಿಳುವಳಿಕೆ' ಎಂದು ಬರೆದರು; ಅದೂ ಪೂರ್ತಿ ಸರಿಯೆನಿಸಲಿಲ್ಲ. ಆಮೇಲೆ ಹೇಳಿಕೆಯ ಎರಡನೇ ಪುಟ ತೆಗೆದು, ಮುದುಕಿ ಹೇಳಿದ ಮಾತನ್ನೇ ಅಲ್ಲಿಟ್ಟರು:

'ಎರಡು ವರ್ಷದ ಹಿಂದ ಮಗಳಿಗೆ ಮೊದಲ್ನೇ ಕೂಸು ನಿಂತಿತ್ತು, ಕೈಗೆ ಬರ್ಲಿಲ್ಲ. ಆವಾಗೂ ಹೊಟ್ಟಿ ಮ್ಯಾಲ ಯಂತ್ರ ಇಟ್ಟು ಎಣಿಸಿ, ಒಂದು ಅಂತ ಬರಕೊಂಡ್ರು. ಆ ಒಂದಕ್ಕ ನಾವು ಯಾರಿಗೂ ಏನೂ ಕಟ್ಟಿರ್ಲಿಲ್ಲ.'