ಕಲ್ಲು ತೊಳೆಯುವ ಜೋಳ

"ಅಪ್ಪಾ, ಮೋಟರ್ ಬಂದ್ ಮಾಡು! ಕಾಳು ಖಾಲಿ ಆಗ್ಯಾವ, ಗಿರಣಿ ಬರೇ ಗಾಳಿ ಬೀಸಾಕತ್ತದ!"

ಮಗಳು ಸೃಷ್ಟಿಯ ಕೂಗಿಗೆ ಮಲ್ಲಣ್ಣ ನಗುತ್ತಾ ಸ್ವಿಚ್ ಆರಿಸಿದ. "ಬಂದಳಪ್ಪ ನಮ್ಮ ಉಳಿತಾಯದ ತಾಯಿ!"

ಲಾಭ ಸೋರುವ ತೂತು ಹುಡುಕಿ ಎಂದು, ಮಕ್ಕಳೇ ಅಂಗಡಿ ಹಾಕುವ ಶಾಲೆಯ ಮೆಟ್ರಿಕ್ ಮೇಳದಲ್ಲಿ ಸರ್ ಹೇಳಿದ್ದರು. ಅಂದಿನಿಂದ ಸೃಷ್ಟಿಗೆ ಅತನೂರಿನ ತಮ್ಮ ಗಿರಣಿಯ ತುಂಬ ತೂತುಗಳೇ ಕಾಣುತ್ತಿದ್ದವು. ಹಗಲು ಉರಿಯುವ ಬಲ್ಬು ಒಂದು ತೂತು. ಸಡಿಲ ಬೆಲ್ಟು ಇನ್ನೊಂದು. ಕಲ್ಲು ನಿಧಾನ ತಿರುಗುತ್ತಿತ್ತು, ಮೀಟರ್ ಮಾತ್ರ ಜೋರಾಗಿ ತಿರುಗುತ್ತಿತ್ತು.

"ಕರೆಂಟ್ ಬಿಲ್ ಕಡಿಮಿ ಆದ್ರ ನಿನಗ ಸೈಕಲ್," ಅಂದಿದ್ದ ಅಪ್ಪ.

ಎಲ್ಲಕ್ಕಿಂತ ದೊಡ್ಡ ತೂತು ಸೃಷ್ಟಿಯ ಕೈಯಲ್ಲೇ ಇತ್ತು. ಅವರದು ಒಂದೇ ಮಷಿನ್. ಒಣಮೆಣಸಿನ ಖಾರ ಬೀಸಿದಾಗಲೆಲ್ಲ ಕಲ್ಲಿಗೆ ಅಂಟಿದ ಪುಡಿ ಹೋಗಲು ಡಬ್ಬಿಯಿಂದ ಸ್ವಂತ ಜೋಳ ಹಾಕಿ ಬೀಸಿ ಕಲ್ಲು ತೊಳೆಯಬೇಕು. ಆ ಕೆಂಪು ಹಿಟ್ಟನ್ನು ಹೊರಗೆ ಚೆಲ್ಲಬೇಕು. ಜೋಳ ಹಾಕುವುದು ಸೃಷ್ಟಿಯ ಕೆಲಸ.

'ನಮ್ಮ ಜೋಳ ನಾವೇ ಚೆಲ್ಲೂದಾ?' ಅಂದುಕೊಂಡಳು.

ಆ ಸಂಜೆ ಯಾರದೋ ಖಾರ ಮುಗಿದಿತ್ತು. ಗೆಳತಿ ಮೆಹನಾಜ ಚೀಲ ತಂದಳು. ಅದರಲ್ಲಿ ಅವಳ ಪುಟ್ಟ ತಮ್ಮನ ಗಂಜಿಗೆ ಹುರಿದ ಅಕ್ಕಿ, ಬೇಳೆ ಇತ್ತು.

"ಕಲ್ಲು ತೊಳದೇನವ್ವ?" ಅಪ್ಪ ಬೆಲ್ಟು ಬಿಗಿಯುತ್ತಾ ಕೇಳಿದ.

"ಹೂಂ ಅಪ್ಪಾ." ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ.

ಬೆಳಿಗ್ಗೆ ಅದೇ ಚೀಲದೊಂದಿಗೆ ಮೆಹನಾಜ ಬಾಗಿಲಲ್ಲಿ ನಿಂತಿದ್ದಳು.

"ಕಾಕಾ, ಹಿಟ್ಟಿನಾಗ ಖಾರ ಅದರಿ. ತಮ್ಮ ಬಾಯಿ ಉರಿ ಅಂತ ಅತ್ತೂ ಅತ್ತೂ ಮಕ್ಕೊಂಡೇ ಇಲ್ಲ."

ಅಪ್ಪ ಡಬ್ಬಿ ನೋಡಿದ; ಜೋಳ ಇಳಿದೇ ಇರಲಿಲ್ಲ. ಆಮೇಲೆ ಮಗಳನ್ನು ನೋಡಿದ.

ಅವನು ಬೈಯಲಿಲ್ಲ. ಮನೆಯಿಂದಲೇ ಅಕ್ಕಿ, ಬೇಳೆ ತರಿಸಿ ಹುರಿಸಿದ. ಮತ್ತೆ ಮತ್ತೆ ಕಲ್ಲು ತೊಳೆದು ಬೀಸಿಕೊಟ್ಟ. "ಕೈತಪ್ಪಾಗ್ಯದ, ತಪ್ಪು ನಂದೇ ಅಂತ ಅಮ್ಮಿಗಿ ಹೇಳವ್ವ."

ಮೆಹನಾಜ ಹೋದ ಮೇಲೆ ಸೃಷ್ಟಿ ಮೆಲ್ಲಗೆ, "ನಂದೇ ತಪ್ಪಪ್ಪಾ," ಅಂದಳು.

"ಗೊತ್ತದ. ಆದ್ರ ಗಿರಣಿ ಬೋರ್ಡಿನ ಮ್ಯಾಲ ನನ್ನ ಹೆಸರದ."

ಆ ಭಾನುವಾರ, ಯಾವತ್ತೂ ಕೂರಲು ಜಾಗವಿರದ ಗಿರಾಕಿಗಳ ಬೆಂಚು ಖಾಲಿ ಇತ್ತು. ಡಬ್ಬಿ ಮಾತ್ರ ತುಂಬಿತ್ತು. ತಲೆಯ ಮೇಲೆ ಚೀಲ ಹೊತ್ತ ಮೆಹನಾಜಳ ಅಮ್ಮಿ ಬೇರೆ ಗಿರಣಿಯ ಕಡೆಗೆ ಹೊರಟಿದ್ದಳು. ಹಿಂದೆ ತಮ್ಮನನ್ನು ಎತ್ತಿಕೊಂಡ ಮೆಹನಾಜ. ಸೃಷ್ಟಿ ಕೈ ಬೀಸಿದಳು. ಕೂಸು ಗಿರಣಿಯನ್ನು ಕಂಡು, ಅಕ್ಕನ ಹೆಗಲಲ್ಲಿ ಮುಖ ಮುಚ್ಚಿಕೊಂಡಿತು.

ಮಧ್ಯಾಹ್ನ ಒಬ್ಬರ ಖಾರ ಬೀಸಿ ಮುಗಿಯಿತು. ಅಪ್ಪ ಕೇಳುವ ಮೊದಲು ಸೃಷ್ಟಿಯೇ ಎದ್ದು ಜೋಳ ಹಾಕಿದಳು. ಕೆಳಗೆ ಬಂದ ಹಿಟ್ಟು ಇನ್ನೂ ಕೆಂಪಗಿತ್ತು. ಮತ್ತೆ ಹಾಕಿದಳು.

"ಸಾಕವ್ವ, ಬೆಳ್ಳಗಾತು," ಅಂದ ಅಪ್ಪ.

ಸೃಷ್ಟಿ ಹಿಟ್ಟನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡಿದಳು. ಇನ್ನೂ ಒಂದು ಹಿಡಿ ಹಾಕಿದಳು.