ಬಾಗಿಲಾಚೆಯ ಹತ್ತು ನಿಮಿಷ

"ಹಾಗೆ ಕಳ್ಳನ ಥರ ಜಾರಿಕೊಂಡು ಹೋಗ್ತೀರಲ್ಲ, ಚೆನ್ನಾಗಿದೆಯಾ?"

ಚಪ್ಪಲಿ ಕೈಯಲ್ಲಿ ಹಿಡಿದು ಮಕ್ಕಳ ಚಿಕಿತ್ಸಾಲಯದ ಬಾಗಿಲು ದಾಟುತ್ತಿದ್ದ ದರ್ಜಿ ಒಳಗಿನ ಹೆಣ್ಣುದನಿಗೆ ಪೆಚ್ಚಾಗಿ ನಿಂತ. ಚಾಪೆಯ ಮೇಲೆ ಗುಬ್ಬಿ ಉಸಿರು ಕಟ್ಟುವಂತೆ ಅಳುತ್ತಿತ್ತು. ಅವನ ಅಕ್ಕನ ಮಗಳು, ಒಂದೂವರೆ ವರ್ಷದ ಕೂಸು. ಅವಳು ಹುಟ್ಟುವ ಮೊದಲೇ ಅಪ್ಪ ತೀರಿಕೊಂಡಿದ್ದ. ಆಸ್ಪತ್ರೆಗೆ ಹೋದ ಅಮ್ಮ ಮರಳಲಿಲ್ಲ. ಅಂದಿನಿಂದ ಮಾವ ಮರೆಯಾದರೆ ಸಾಕು, ಮಗು ಕಂಗಾಲು.

"ಹೇಳಿದ್ರೆ ಅಳ್ತಾಳೆ, ಮೇಡಂ."

"ಹೇಳಿದ್ರೆ ಅಳ್ತಾಳೆ. ಹೇಳದಿದ್ರೆ ಹೆದರ್ತಾಳೆ. ಅಳುವೇ ವಾಸಿ."

ಎಳೆಯ ಮಕ್ಕಳ ಸಮಾಲೋಚಕಿ ಅವಳು. ಊರಿನವರ ಮಕ್ಕಳನ್ನೆಲ್ಲ ಸಂತೈಸಿ ಸಂಜೆ ಬೀಗ ತೆಗೆದರೆ, 'ಬಂದ್ಯಾ' ಅನ್ನಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅವಳು ಹೇಳಿಕೊಟ್ಟಂತೆ ಪ್ರತಿ ಬುಧವಾರ ಅವನು "ಮಾವ ಹೋಗಿ ಬರ್ತೀನಿ, ಗುಬ್ಬೀ" ಎಂದು ಹೇಳಿ ಹೊರಗೆ ನಿಲ್ಲುತ್ತಿದ್ದ. ಮೊದಲು ಒಂದು ನಿಮಿಷ, ಆಮೇಲೆ ಐದು, ಕೊನೆಗೆ ಹತ್ತು. ಬಾಗಿಲ ಗಾಜಿನಾಚೆ ಅವನ ಅಂಗಿಗಂಟಿದ ದಾರದ ಎಳೆಗಳು ಸಮಾಲೋಚಕಿಗೆ ಕಾಣುತ್ತಿದ್ದವು. ಕಣ್ಣು ಕೂಡಿದರೆ ಅವನು ತಟ್ಟನೆ ಗೋಡೆಯ ಲಸಿಕೆ ಪೋಸ್ಟರ್ ಓದತೊಡಗುತ್ತಿದ್ದ.

"ಅಷ್ಟೊಂದು ಏನು ಓದ್ತೀರಿ?"

"ಬಾಯಿಪಾಠ ಆಗಿದೆ, ಮೇಡಂ. ಒಪ್ಪಿಸ್ಲಾ?"

ಅವಳು ನಗು ತಡೆದುಕೊಂಡಳು. ಆ ಹತ್ತು ನಿಮಿಷಕ್ಕಾಗಿ ವಾರವಿಡೀ ಕಾಯುತ್ತಿದ್ದೇನೆಂದು ತಿಳಿದಾಗ ಅವಳಿಗೆ ಭಯವಾಯಿತು.

ಒಂದು ಬುಧವಾರ ಮಾವ ಹೊರಟಾಗ ಗುಬ್ಬಿ ಅಳಲಿಲ್ಲ. ಕೈ ಬೀಸಿ ಮತ್ತೆ ಆಟಕ್ಕಿಳಿಯಿತು.

"ಇನ್ನು ಬರಬೇಕಾಗಿಲ್ಲ," ಎಂದಳು ಅವಳು.

"ಗುಬ್ಬಿ ಬರಬೇಕಾಗಿಲ್ಲ. ನಾನು?"

ಅವಳು ಕಡತದ ದಾರವನ್ನು ಮೂರು ಸಲ ಕಟ್ಟಿ ಬಿಚ್ಚಿದಳು. "ಈಗ ಹ್ಞೂಂ ಅಂದ್ರೆ ಇವಳು ನನ್ನನ್ನ ಹಚ್ಚಿಕೊಂಡುಬಿಡ್ತಾಳೆ. ಆಮೇಲೆ ನಮಗೆ ಹೊಂದದೇ ಹೋದ್ರೆ? ಇನ್ನೊಬ್ಬ ತಾಯಿನ ಕಳ್ಕೊಳ್ಳೋ ಶಕ್ತಿ ಈ ಮಗೂಗಿಲ್ಲ."

"ನಿಮಗಿದೆಯಾ, ಒಬ್ಬರೇ ಇರೋ ಶಕ್ತಿ?"

"ಅಭ್ಯಾಸ ಇದೆ. ಆರು ತಿಂಗಳು ಬಿಟ್ಟು ಬನ್ನಿ, ಒಬ್ರೇ. ಆಗ್ಲೂ ಮನಸ್ಸಿದ್ರೆ."

ಅವನು ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದ. ಆಮೇಲೆ ಬುಧವಾರಗಳು ಬಂದವು, ಹೋದವು. ಬೇರೆ ಮಕ್ಕಳು ಅತ್ತವು, ಬೇರೆ ಅಪ್ಪಂದಿರು ಹೊರಗೆ ನಿಂತರು. ಅವಳು ಗಾಜಿನ ಕಡೆಗೆ ಬೆನ್ನು ಮಾಡಿ ಕೂರುವುದನ್ನು ಕಲಿತಳು.

ಆರು ತಿಂಗಳು ತುಂಬಿದ ದಿನ ಬಾಗಿಲ ಸದ್ದಾಯಿತು. ಅವನು ಒಬ್ಬನೇ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು.

"ಎಷ್ಟು ತಡ ಮಾಡಿದ್ರಿ!" ಎಂದುಬಿಟ್ಟಳು.

"ನೀವು ಹೇಳಿದ ದಿನಾನೇ ಬಂದಿದ್ದೀನಲ್ಲ?"

"ಗೊತ್ತು," ಎಂದಳು. ಕಣ್ಣು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.